ಮೇಜಿನಡಿಯ ತಂಪು

ಕಲಬುರಗಿ, ಇಸವಿ ೨೧೭೧
ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ

ನೂರೈವತ್ತು ವರ್ಷಗಳ ಹಿಂದೆ ಕಚೇರಿಗಳಲ್ಲಿ ಕುಳಿತಿರುವ ನಿಮಗೆ ನೀಲಗಂಗಾ ಹೂಗಾರಳ ನಮಸ್ಕಾರ.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಬಿಸಿಲಿಗೆ ಹೆದರಿ ಯಾರೂ ಹೊರಗೆ ಕಾಲಿಡದ ನಡುಹಗಲನ್ನು ನೆರಳುಗಾಲ ಎನ್ನುತ್ತೇವೆ. ನಾನು ಭೂನಕ್ಷೆ ಕಚೇರಿಯ ಹದಗಾರ್ತಿ. ಎಂದರೆ, ನಕ್ಷೆ ಬರೆಯುವ ಕೆಲಸದ ಜೊತೆಗೆ, ಕರೆಂಟು, ನೀರು, ಕಾಗದ ಹದ ಮೀರಿ ಖರ್ಚಾಗದಂತೆ ಸಹೋದ್ಯೋಗಿಗಳಿಗೆ ಹೇಳುತ್ತಿರಬೇಕಾದವಳು. ಈ ಹುದ್ದೆಗೆ ಅಧಿಕಾರವೇನೂ ಇಲ್ಲ. ಬೈಗುಳ ಮಾತ್ರ ಧಾರಾಳ.

ಇಷ್ಟೆಲ್ಲ ಅನುಭವಿಸಿದ ಮೇಲೆ ಜನ ತಿಳಿವಳಿಕೆಯಿಂದ ಬದುಕುತ್ತಿರಬಹುದು ಎಂದು ನೀವು ಅಂದುಕೊಂಡಿದ್ದರೆ, ದಯವಿಟ್ಟು ಆ ಭ್ರಮೆ ಬಿಡಿ.

ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಕೂಸಿನಮನೆ ಇದೆ. ಓಣಿಯ ದುಡಿಯುವ ತಾಯಂದಿರು ಎಳೆಮಕ್ಕಳನ್ನು ಅಲ್ಲಿ ಬಿಟ್ಟುಹೋಗುತ್ತಾರೆ. ಮೆಹಜಬೀನ್ ಎಂಬಾಕೆ ನೋಡಿಕೊಳ್ಳುತ್ತಾಳೆ. ಚಾವಣಿಯ ಸೂರ್ಯಫಲಕಗಳು ಕೊಡುವ ಕರೆಂಟಿನಲ್ಲಿ ಮಕ್ಕಳಿಗಾಗಿ ಒಂದು ದೊಡ್ಡ ತಂಪುಯಂತ್ರ ಓಡಬೇಕು, ಮೇಲಿನ ಮಹಡಿಯ ನಮಗೆ ಫ್ಯಾನುಗಳು. ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನನ್ನ ಸಹೋದ್ಯೋಗಿಗಳು ಮನೆಯಿಂದ ಒಬ್ಬೊಬ್ಬರಾಗಿ ಕರೆಂಟಿನ ತಂಪುಡಬ್ಬಿ ತಂದು ಮೇಜಿನ ಕೆಳಗೆ, ಕಾಲ ಬಳಿ ಇಟ್ಟುಕೊಂಡರು.

ಡಬ್ಬಿ ತರಬೇಡಿ ಎಂದು ನಾನು ಗೋಡೆಗೆ ಫಲಕ ಹಾಕಿದೆ. ಅದರ ಮೇಲೆ ಯಾರೋ ಟವೆಲ್ ಒಣಹಾಕಿದರು. ಸಭೆ ಕರೆದೆ. ಎಲ್ಲರೂ ತಲೆಯಾಡಿಸಿ ಚಹಾ ಕುಡಿದು ಹೋದರು. ಪಕ್ಕದ ಮೇಜಿನ ಸುಗಲಾಬಾಯಿ, “ನಂದು ಭಾಳ ಸಣ್ಣ ಡಬ್ಬಿ ಅದ ತಂಗಿ, ಲೆಕ್ಕಕ್ಕೇ ಬರಂಗಿಲ್ಲ” ಎಂದಳು. ಎಲ್ಲರದೂ ಸಣ್ಣ ಡಬ್ಬಿಯೇ. ನಮ್ಮ ಹಿರಿಯ ನಕ್ಷೆಗಾರ ರುದ್ರಮುನಿಯವರು ಕನ್ನಡಕ ಒರೆಸುತ್ತ, “ನೀಲಗಂಗಾ ಬಾಯಾರ, ನಾ ಒಬ್ಬಾವ ಬಂದ್ ಮಾಡಿದ್ರ ಕಲಬುರ್ಗಿ ಬಿಸಲು ಕಡಿಮಿ ಆಗ್ತದೇನ್ರೀ?” ಎಂದು ಬಹಳ ಸೌಮ್ಯವಾಗಿ ಕೇಳಿದರು. ಒಳ್ಳೆಯ ಮನುಷ್ಯ. ಇಂಥವರ ಮೇಲೆ ಸಿಟ್ಟಾಗುವುದೂ ಕಷ್ಟ.

ಮೊದಲ ಬೇಸಿಗೆಯ ಕೊನೆಯಲ್ಲಿ, ಒಂದು ನೆರಳುಗಾಲದಲ್ಲಿ, ಇಡೀ ಕಟ್ಟಡದ ಕರೆಂಟು ನಿಂತಿತು. ಸ್ವಲ್ಪ ಹೊತ್ತಿಗೆ ಮೆಹಜಬೀನ್ ಕೂಸೊಂದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ತರಕಾರಿ ಮಾರುವವಳ ಮಗಳು, ಇನ್ನೂ ಹಲ್ಲು ಬಂದಿರಲಿಲ್ಲ.

“ಯಂತ್ರ ನಿಂತು ಕೆಳಗ ಸೆಕಿ ಬೆಂಕಿ ಆಗ್ಯದ. ಕೂಸು ಕಣ್ಣು ತೆರೀವಲ್ದು” ಎಂದಳು.

ಇದ್ದ ಕುಡಿಯುವ ನೀರಿನಲ್ಲೆಲ್ಲ ಬಟ್ಟೆ ತೋಯಿಸಿ ಮಗುವಿಗೆ ಹೊದಿಸಿದೆವು. ರುದ್ರಮುನಿಯವರು ತಾವು ಆಗಷ್ಟೇ ಮುಗಿಸಿದ್ದ ನಕ್ಷೆಯಿಂದಲೇ ಗಾಳಿ ಬೀಸಿದರು. ಬಹಳ ಹೊತ್ತಿನ ಮೇಲೆ ಅದು ಅತ್ತಿತು. ಆ ಅಳು ಕೇಳಿದ ಮೇಲೆಯೇ ಅವರು ನಕ್ಷೆ ಕೆಳಗಿಟ್ಟರು. ಅಂದೇ ಎಲ್ಲರೂ ಡಬ್ಬಿಗಳನ್ನು ತಾವಾಗಿ ಒಯ್ದು ಉಗ್ರಾಣದಲ್ಲಿಟ್ಟರು. ಕೊನೆಗೂ ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಎರಡನೆಯ ಬೇಸಿಗೆ ಶುರುವಾದ ವಾರವೇ ಮತ್ತೆ ಗುಂಯ್ ಸದ್ದು. ಬಗ್ಗಿ ನೋಡಿದರೆ ರುದ್ರಮುನಿಯವರ ಮೇಜಿನಡಿ.

“ಆವತ್ತ ನೀವೂ ಇಲ್ಲೇ ಇದ್ರಿ ಸರ್” ಎಂದೆ.

“ಇದ್ದೆ ಬಾಯಾರ” ಎಂದರು, ಮುಖ ತಗ್ಗಿಸಿ. “ಆದ್ರ ಇವತ್ತ ಸೆಕಿ ಭಾಳ ಅದ.”

ಅವರು ಸುಳ್ಳು ಹೇಳಲಿಲ್ಲ. ಸೆಕೆ ನಿಜವಾಗಿಯೂ ಇತ್ತು. ನನಗೆ ಅಳುವಷ್ಟು ಸಿಟ್ಟು ಬಂತು. ನನ್ನ ಮೇಜನ್ನು ದರದರ ಎಳೆದುಕೊಂಡು ಮೆಟ್ಟಿಲಿಳಿಸಿ, ಕೂಸಿನಮನೆಯ ಮೂಲೆಯಲ್ಲಿ ಹಾಕಿಕೊಂಡು ಕೂತೆ. ಮೆಹಜಬೀನ್, “ಸದ್ದು ಮಾಡಬ್ಯಾಡ್ರಿ, ಈಗರೆ ಮಲಗ್ಯಾವ” ಎಂದಷ್ಟೇ ಹೇಳಿದಳು. ಅಲ್ಲಿ ತಂಪಿತ್ತು. ತಂಪಾದ ಕೈಯಲ್ಲಿ ಗೆರೆ ನೇರ ಬರುತ್ತದೆ. ಮರುದಿನ ಸುಗಲಾಬಾಯಿ ಏನನ್ನೋ ಕೇಳುವ ನೆಪದಲ್ಲಿ ಇಳಿದು ಬಂದಳು, ಹೋಗಲೇ ಇಲ್ಲ. ವಾರ ಕಳೆಯುವುದರೊಳಗೆ ಇಡೀ ಕಚೇರಿ ಕೆಳಗಿತ್ತು. ಈಗ ನೆರಳುಗಾಲದಲ್ಲಿ ಮೇಲಿನ ಮಹಡಿಗೆ ಬೀಗ. ರುದ್ರಮುನಿಯವರು ನಕ್ಷೆ ಬರೆಯುತ್ತ ಒಂದು ಕಾಲಿನಿಂದ ತೊಟ್ಟಿಲು ತೂಗುತ್ತಾರೆ; ಮಕ್ಕಳ ಗಲಾಟೆಯಲ್ಲಿ ಕೆಲಸ ಕೆಡುತ್ತದೆ ಎಂದು ದಿನವೂ ನನ್ನ ಹತ್ತಿರ ದೂರುತ್ತಾರೆ. ಯಾರ ಮನಸ್ಸನ್ನೂ ನಾನು ಬದಲಿಸಲಿಲ್ಲ. ಮೇಜುಗಳು ಜಾಗ ಬದಲಿಸಿದವು, ಅಷ್ಟೇ.

ನಿಮ್ಮ ಕಚೇರಿಯಲ್ಲೂ ನನ್ನಂಥವಳೊಬ್ಬಳು ಇರುತ್ತಾಳೆ. ಊಟದ ಹೊತ್ತಿನಲ್ಲಿ ಖಾಲಿ ಕೋಣೆಯ ಲೈಟು ಆರಿಸುತ್ತ, ಪ್ಲಾಸ್ಟಿಕ್ ಲೋಟ ಬೇಡ ಎಂದು ಹೇಳಿ ಹೇಳಿ ಎಲ್ಲರ ಬಾಯಿಗೆ ಸಿಕ್ಕವಳು. ಅವಳಿಗೆ ಸನ್ಮಾನ ಬೇಡ, ಶಾಲು ಬೇಡ. ಅವಳು ಎದ್ದು ಬರುವ ಮುಂಚೆ ಒಂದೇ ಒಂದು ಸಲ ನೀವೇ ಎದ್ದು ಆ ಲೈಟು ಆರಿಸಿ. ಅಂದು ಅವಳು ಊಟವನ್ನು ಬಿಸಿಯಾಗಿರುವಾಗಲೇ ಉಂಡಾಳು.

ಇನ್ನೂ ಬರೆಯುವುದಿತ್ತು. ಆದರೆ ಹಿತ್ತಲಲ್ಲಿ ಯಾರೋ ನಲ್ಲಿ ತೆರೆದಿಟ್ಟು ಹೋಗಿದ್ದಾರೆ, ನೀರಿನ ಸದ್ದು ಕೇಳುತ್ತಿದೆ. ಸುತ್ತ ನೋಡಿದೆ, ಎಲ್ಲರಿಗೂ ಕೇಳುತ್ತಿದೆ. ಯಾರೂ ಏಳುತ್ತಿಲ್ಲ.

ಏಳುತ್ತೇನೆ.