ಪೂಲ್ ಟೇಬಲ್ಲಿನೊಳಗೆ ಅಪ್ಪನ ಕಿವಿ

ಕ್ಲಬ್ಬಿನ ಅಣ್ಣನವರಿಗೆ ನಮಸ್ಕಾರ.

ಪ್ರತಿ ಭಾನುವಾರ ನಿಮ್ಮಲ್ಲಿ ಆಡಲು ಬರುತ್ತಿದ್ದ ಟೈಲರ್ ಮೇಷ್ಟ್ರ ಮಗಳು ನಾನು. ಹೋದ ತಿಂಗಳು ಅಪ್ಪ ಬಗ್ಗಿ ಚೆಂಡಿಗೆ ಗುರಿಯಿಡುವಾಗ ಅವರ ಕಿವಿಯ ಮಷೀನು ಜಾರಿ, ಪೂಲ್ ಟೇಬಲ್ಲಿನ ಮೂಲೆಯ ತೂತಿಗೆ ಬಿತ್ತಂತೆ. ಟೇಬಲ್ಲಿಗೆ ನಾಣ್ಯ ಹಾಕಿದರೆ ಒಳಗೆ ಬಿದ್ದ ಚೆಂಡುಗಳೇನೋ ಉರುಳಿ ಹೊರಬರುತ್ತವೆ. ಮಷೀನು ಒಳಗೇ ಸಿಕ್ಕಿಕೊಂಡಿದೆ. "ಟೇಬಲ್ಲಿನ ಬೀಗದ ಕೈ ಕಂಪನಿಯವರ ಹತ್ರ ಇದೆ, ಅವರು ಬಂದಾಗ ತೆಗೆಸ್ತೀನಿ" ಎಂದಿದ್ದಿರಂತೆ. ಅವರು ಇನ್ನೂ ಬಂದಿಲ್ಲ.

ಅಪ್ಪ ಈಗ ಆಸ್ಪತ್ರೆಯಲ್ಲಿದ್ದಾರೆ. ಹೆಚ್ಚೆಂದರೆ ಒಂದು ವಾರ ಎಂದಿದ್ದಾರೆ ಡಾಕ್ಟರು. ಕಿವಿಯ ಅಳತೆಗೆ ಹೊಸ ಮಷೀನು ಮಾಡಿಕೊಡಲು ತಿಂಗಳು ಬೇಕಂತೆ. ಬರೆದು ತೋರಿಸೋಣವೆಂದರೆ ಕಣ್ಣೂ ಮಂಜಾಗಿದೆ. ಏಳು ವರ್ಷ ಅವರ ಜೊತೆ ಮಾತು ಬಿಟ್ಟಿದ್ದವಳು ನಾನು. ತಪ್ಪು ನನ್ನದೇ ಎಂದು ಅವರಿಗೊಮ್ಮೆ ಹೇಳಬೇಕಿತ್ತು.

ದಯವಿಟ್ಟು ಬೀಗ ಒಡೆಯಲು ಬಿಡಿ. ಬಡಗಿಯನ್ನು ನಾನೇ ಕರೆತರುತ್ತೇನೆ, ಟೇಬಲ್ಲನ್ನು ಮೊದಲಿನಂತೆ ಮಾಡಿಸಿಕೊಡುತ್ತೇನೆ.

ನಿನ್ನೆ ಅಪ್ಪನ ಕಿವಿಗೆ ಬಾಯಿಟ್ಟು, ತಪ್ಪು ನನ್ನದೇ ಎಂದು ಕೂಗಿ ಹೇಳಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಪ್ಪ ನಕ್ಕು, "ನಂದು ಊಟ ಆಯ್ತಮ್ಮ, ನೀನು ಮಾಡು ಹೋಗು" ಎಂದರು.

ಇಂತಿ,
ಮೇಷ್ಟ್ರ ಹಿರಿಮಗಳು