ಆಟದ ನಡುವೆ ಆರಿದ ಪರದೆ

ಮಾರ್ಚ್ ೧೪, ಶನಿವಾರ

ಹೊಸ ಪವರ್ ಸಪ್ಲೈ ಹಾಕಿದರೂ ಆಟದ ನಡುವೆ ಕಂಪ್ಯೂಟರ್ ಮತ್ತೆ ಪಟ್ಟನೆ ಆಫ್ ಆಯಿತು. ಸ್ವಿಚ್ ಪಕ್ಕದಲ್ಲಿ ತಮ್ಮ ನಿಂತಿದ್ದ. ಇವನದೇ ಕಿತಾಪತಿ ಎಂದು ಪಿತ್ತ ನೆತ್ತಿಗೇರಿತು. ಕೀಬೋರ್ಡ್ ಎತ್ತಿ ಅವನ ಮುಖಕ್ಕೆ ಬೀಸಿದೆ, ತುಟಿ ಸೀಳಿತು. ಬಿದ್ದವನಿಗೆ ಒದ್ದೆ.

“ನಾನು ಮುಟ್ಟೇ ಇಲ್ಲ ಅಕ್ಕಾ! ಅದು ಕಾದು ಆಫ್ ಆಗ್ತಿದೆ, ಬಿಚ್ಚಿ ನೋಡು!”

ಬಿಚ್ಚಿದೆ. ಪ್ರೊಸೆಸರ್ ಮೇಲಿನ ಕೂಲರಿನ ತಳದಲ್ಲಿ, ಕೂರಿಸುವ ಮೊದಲು ಕೀಳಬೇಕಾದ ಪ್ಲಾಸ್ಟಿಕ್ ಹಾಳೆ ಹಾಗೇ ಅಂಟಿಕೊಂಡು ಶಾಖವನ್ನು ತಡೆದಿತ್ತು. ಕೂರಿಸಿದವಳು ನಾನು. “ನಿಂಗೇನು ಗೊತ್ತು, ಆಚೆ ಹೋಗು” ಎಂದು ಅವತ್ತು ಅವನನ್ನು ದಬ್ಬಿದವಳೂ ನಾನೇ.

ಹಾಳೆ ಕಿತ್ತೆ, ಈಗ ಆಟ ನಿಲ್ಲುತ್ತಿಲ್ಲ. ಅಮ್ಮ ತಮ್ಮನ ತುಟಿ ನೋಡಿ ಕೇಳಿದಾಗ, “ಬಚ್ಚಲಲ್ಲಿ ಜಾರಿಬಿದ್ದೆ” ಅಂದ. ನನ್ನನ್ನು ಉಳಿಸಿದ ಆ ಬಾಯಿಗೇ ಇನ್ನೊಂದು ಬಾರಿಸಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತಿದೆ.