ಹನ್ನೆರಡನೆಯ ಪಾಲು

ಸೋಮವಾರ, ಅಂಗಡಿಯ ಬಾಗಿಲು ತೆಗೆಯುವ ಮುಂಚೆ

ಪ್ರೀತಿಯ ಅತ್ತಿಗೆಗೆ, ನಿಮ್ಮ ಯಜಮಾನರ ಜೊತೆ ಸೆರೆಯಲ್ಲಿದ್ದವನ ನಮಸ್ಕಾರ.

ನಾವು ಬಿಡುಗಡೆಯಾಗಿ ರೈಲಿಳಿದ ದಿನ ನೀವು ಇಸ್ತ್ರಿ ಮಾಡಿದ ಅಂಗಿ ಹಿಡಿದು ನಿಂತಿದ್ದಿರಿ. ಇವರೆಲ್ಲಿ ಎಂದು ಕೇಳಿದಿರಿ. ಮುಂದಿನ ತಂಡದಲ್ಲಿ ಬರುತ್ತಾರೆ ಎಂದುಬಿಟ್ಟೆ. ಮಾತು ಮಾರಿ ಬದುಕಿದವನು ನಾನು, ನನ್ನನ್ನು ಕೇಳದೆ ನಾಲಿಗೆಯೇ ವ್ಯಾಪಾರ ಮುಗಿಸಿತು. ನೀವು ಇಂದಿಗೂ ಪ್ರತಿ ರೈಲಿಗೂ ಹೋಗುತ್ತೀರೆಂದು ಟಿಕೆಟ್ ಗುಮಾಸ್ತ ಹೇಳಿದ. ಮುಂದಿನ ತಂಡ ಎಂಬುದೇ ಇಲ್ಲ ಅತ್ತಿಗೆ. ಅಣ್ಣ ಚಳಿಗಾಲದಲ್ಲೇ ತೀರಿಕೊಂಡರು. ಬದುಕಿದ್ದಾರೆಂದು ನಿಮಗೆ ಸರ್ಕಾರದ ಕಾಗದ ಬಂತಲ್ಲ, ಆ ಸುಳ್ಳಿನ ಮೂಲವೂ ನಾನೇ.

ಸೆರೆಶಿಬಿರದ ನಮ್ಮ ಕೋಣೆಯಲ್ಲಿ ಹನ್ನೆರಡು ಜನ, ದಿನಕ್ಕೆ ಮೂರು ಬ್ರೆಡ್ಡು. ತಕ್ಕಡಿ ಹಿಡಿದು ಬೆಳೆದವನೆಂದು ಕತ್ತರಿಸುವ ಕೆಲಸ ನನ್ನ ಪಾಲಿಗೆ ಬಿತ್ತು, ಹೆಸರೂ ತಕ್ಕಡಿ ಎಂದೇ ಆಯಿತು. ಕತ್ತರಿಸಿದವನು ತನ್ನ ತುಂಡನ್ನು ಕೊನೆಗೆ ಎತ್ತಿಕೊಳ್ಳಬೇಕು ಎಂಬುದು ಅಲ್ಲಿಯ ಕಟ್ಟಳೆ. ಹಾಗಾಗಿ ನನ್ನಷ್ಟು ಸಮನಾಗಿ ಕತ್ತರಿಸಿದವನು ಹುಟ್ಟಿರಲಾರ. “ಸ್ವರ್ಗದ ಬಾಗಿಲಲ್ಲೂ ತೂಕ ಕೇಳ್ತೀಯ ಕಣೋ ನೀನು” ಎಂದು ಅಣ್ಣ ನಗುತ್ತಿದ್ದರು.

ಜ್ವರ ಬಂದ ಹನ್ನೊಂದನೆಯ ದಿನ ಬೆಳಿಗ್ಗೆ ಅಣ್ಣ ಹೋದರು. ಹೋಗುವ ಮುಂಚೆ ನನ್ನ ಕೈ ಹಿಡಿದು, “ಯಾರಿಗೂ ಹೇಳ್ಬೇಡ, ನನ್ನ ಪಾಲು ಉಳಿದೋರಿಗಾಗ್ಲಿ” ಎಂದರು. ಹೇಳಲಿಲ್ಲ. ಕಾವಲುಗಾರನಿಗೆ ಜ್ವರವೆಂದರೆ ಭಯ, ಬಾಗಿಲಲ್ಲೇ ನಿಂತು ತಲೆ ಎಣಿಸುತ್ತಿದ್ದ. ಕಂಬಳಿ ಹೊದಿಸಿ ಹನ್ನೆರಡು ಎಂದೆ. ಹನ್ನೆರಡು ಜನರ ಬ್ರೆಡ್ಡು ಬಂತು. ಆರು ದಿನ ಅವರ ಪಕ್ಕದಲ್ಲೇ ಮಲಗಿದೆ, ಅವರ ಪಾಲನ್ನು ಹನ್ನೊಂದು ಮಾಡಿ ಹಂಚಿದೆ. ಕೈ ನಡುಗಲಿಲ್ಲ. ಇವತ್ತಿಗೂ ನನ್ನ ದಿಗಿಲು ಅದೇ.

ನಾಲ್ಕನೆಯ ದಿನ ಹೊರಗಿನ ಅಧಿಕಾರಿಗಳು ಬಂದು ಬದುಕಿರುವವರ ಪಟ್ಟಿ ಕೇಳಿದರು. ಕಾವಲುಗಾರ ಪಕ್ಕದಲ್ಲೇ ಇದ್ದ. ಹನ್ನೊಂದು ಬರೆದರೆ ಗುಟ್ಟು ರಟ್ಟು. ಹನ್ನೆರಡು ಹೆಸರನ್ನೂ ದುಂಡಗೆ ಬರೆದುಕೊಟ್ಟೆ. ಆ ಹಾಳೆ ನಿಮ್ಮ ಹೊಸಿಲು ತುಳಿಯುತ್ತದೆಂದು ನನಗೆ ಹೊಳೆಯಲೇ ಇಲ್ಲ. ಏಳನೆಯ ದಿನ ಬಿಸಿಲು ಬಂತು, ದೇಹವನ್ನು ಇನ್ನು ಬಚ್ಚಿಡುವಂತಿರಲಿಲ್ಲ, ಹೇಳಲೇಬೇಕಾಯಿತು. ಬೇಲಿಯ ಪಕ್ಕ ಮಣ್ಣು ಮಾಡಿದೆವು. ಪಟ್ಟಿ ಆಗಲೇ ಹೊರಟುಹೋಗಿತ್ತು.

ಇನ್ನು ಸ್ಟೇಷನ್ನಿಗೆ ಹೋಗಬೇಡಿ.

ನಿಮ್ಮ ಮೈದುನನಂಥವನು,
ತಕ್ಕಡಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಪಾಲು ಉಳಿದವರಿಗಾಗಲಿ ಎಂಬ ಮಾತು ಅಣ್ಣನದಲ್ಲ, ವಾಪಸು ಬರುವಾಗ ರೈಲಿನಲ್ಲಿ ಕೂತು ನಾನು ಕಟ್ಟಿದ್ದು. ಅವರು ಕೊನೆಗೆ ಕೇಳಿದ್ದು ಇಷ್ಟೇ: “ಬ್ರೆಡ್ಡು ಬಂತೇನೋ?” ಬಂದಿತ್ತು, ಕತ್ತರಿಸಿಯೂ ಆಗಿತ್ತು. ಹೋಗುವವರಿಗೆ ಕೊಟ್ಟು ಯಾಕೆ ದಂಡ ಮಾಡಲಿ ಎಂದು ಲೆಕ್ಕ ಹಾಕಿ, “ಇನ್ನೂ ಇಲ್ಲಣ್ಣ” ಎಂದೆ.